ಗುಪ್ತಾಂಗದ ಗುಳ್ಳೆಗಳು ಮತ್ತು ನಿಷ್ಕಾರಣ ಭಯ

ಕೈಯ ಮೇಲೋ ಬೆನ್ನಿನ ಮೇಲೋ ಒಂದು ಗುಳ್ಳೆ ಎದ್ದರೆ ಮನೆಮಂದಿಯೆಲ್ಲ ಕೂಡಿ ನೋಡುತ್ತಾರೆ. ಅಜ್ಜಿ ಅರಿಶಿನ ಹಚ್ಚು ಎನ್ನುತ್ತಾಳೆ, ತಂದೆ ಡಾಕ್ಟರಿಗೆ ತೋರಿಸು ಎನ್ನುತ್ತಾನೆ. ಎರಡು ದಿನಗಳಲ್ಲಿ ಅದರ ಮಾತು ಮುಗಿಯುತ್ತದೆ. ಅದೇ ಗುಳ್ಳೆ ಗುಪ್ತಾಂಗದಲ್ಲಿ ಕಾಣಿಸಿಕೊಂಡರೆ ಅದನ್ನು ಕಂಡವನೂ ಒಬ್ಬನೇ, ಅದರ ಚಿಂತೆಯನ್ನು ಹೊರುವವನೂ ಒಬ್ಬನೇ. ಹದಿನೆಂಟು, ಇಪ್ಪತ್ತರ ತರುಣನು ತಂದೆಯ ಮುಂದೆ ಬಾಯಿ ಬಿಡಲಾರ, ತಾಯಿಗೆ ಹೇಳಲಾರ. ಗೆಳೆಯರಿಗೆ ಹೇಳಿದರೆ ನಗೆಪಾಟಲಾದೇನೆಂದು ಅಂಜುತ್ತಾನೆ. ತನಗೆ ಯಾವುದೋ ಕೆಟ್ಟ ರೋಗ ಅಂಟಿದೆ ಎಂದು ತಾನೇ ತೀರ್ಮಾನಿಸಿಕೊಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಳಗೊಳಗೇ ಕೊರಗುತ್ತಾನೆ. ನಿಶ್ಚಯವಾದ ಮದುವೆಯನ್ನು ಕಾರಣ ಹೇಳದೆ ಮುಂದೂಡುವ ತರುಣರೂ ಇದ್ದಾರೆ.

ಈ ಪತ್ರಿಕೆಯನ್ನು ಮನೆಯ ಹಿರಿಯರೂ ಕಿರಿಯರೂ ಓದುತ್ತಾರೆಂಬುದನ್ನು ನಾವು ಬಲ್ಲೆವು. ಆ ಕಾರಣದಿಂದಲೇ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ. ದೇಹದ ಒಂದು ಅವಯವದ ಬಗೆಗೆ ತಿಳಿವಳಿಕೆಯ ಮಾತನ್ನಾಡುವುದು ಅಸಭ್ಯವಲ್ಲ. ತಿಳಿವಳಿಕೆ ಇಲ್ಲದ ಕಡೆ ಭಯ ನೆಲೆಸುತ್ತದೆ. ಭಯ ನೆಲೆಸಿದ ಕಡೆಗೆ ಮೋಸಗಾರರು ತಾವಾಗಿಯೇ ಬಂದು ಸೇರುತ್ತಾರೆ. ಪುರುಷರ ಜನನಾಂಗದ ಮೇಲೆ ಕಾಣಿಸುವ ಸಣ್ಣ ಉಬ್ಬುಗಳಲ್ಲಿ ಅನೇಕವು ರೋಗಗಳೇ ಅಲ್ಲ. ಅವು ಮೂಗು, ಕಿವಿ, ಮಚ್ಚೆಗಳಂತೆ ಶರೀರದ ಸಹಜ ರಚನೆಗಳು. ಇನ್ನು ಕೆಲವು ಚಿಕಿತ್ಸೆ ಬೇಡುವಂಥವು. ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಚರ್ಮದ ರಚನೆ

ಮೊದಲಿಗೆ ಈ ಭಾಗದ ಚರ್ಮವು ಹೇಗಿದೆಯೆಂಬುದನ್ನು ಅರಿಯೋಣ. ಶಿಶ್ನದ ತುದಿಯ ದುಂಡಗಿನ ಭಾಗವನ್ನು ಮಣಿ ಎನ್ನುತ್ತಾರೆ. ಅದನ್ನು ಮುಚ್ಚಿರುವ, ಹಿಂದಕ್ಕೆ ಸರಿಯಬಲ್ಲ ಚರ್ಮವೇ ಮುಂದೊಗಲು. ಮಣಿಯು ಹಿಂದೆ ಮುಗಿಯುವಲ್ಲಿ ಬಳೆಯಂತೆ ಸುತ್ತಲೂ ಒಂದು ಉಬ್ಬಿದ ಅಂಚು ಇರುತ್ತದೆ. ಕೆಳಬದಿಯಲ್ಲಿ ಮುಂದೊಗಲನ್ನು ಮಣಿಗೆ ಹಿಡಿದಿಡುವ ಒಂದು ತೆಳುವಾದ ಪಟ್ಟಿಯಿದೆ. ವೃಷಣಗಳನ್ನು ಹೊತ್ತಿರುವ ಚೀಲದ ಚರ್ಮವು ಸುಕ್ಕುಗಟ್ಟಿದ್ದು, ಬಹಳ ತೆಳುವಾಗಿರುತ್ತದೆ. ಶಿಶ್ನದ ಕೆಳಬದಿಯಿಂದ ಹೊರಟು ವೃಷಣಚೀಲದ ನಡುವೆ ಹಾದು ಗುದದವರೆಗೆ ಹೊಲಿಗೆ ಹಾಕಿದಂತೆ ಒಂದು ಗೆರೆ ಕಾಣುತ್ತದೆ. ಗರ್ಭದಲ್ಲಿ ಎಡಬಲದ ಚರ್ಮ ಬೆಸೆದುಕೊಂಡ ಗುರುತದು. ಅದನ್ನು ಕಂಡು ಹಳೆಯ ಗಾಯವೆಂದು ಹೆದರಬೇಕಾಗಿಲ್ಲ.

ಮುಖದಲ್ಲಿರುವಂತೆ ಇಲ್ಲಿಯೂ ಜಿಡ್ಡನ್ನು ಸ್ರವಿಸುವ ಮೇದೋಗ್ರಂಥಿಗಳಿವೆ, ರೋಮಕೂಪಗಳಿವೆ, ಸೂಕ್ಷ್ಮ ರಕ್ತನಾಳಗಳಿವೆ. ಹದಿಹರೆಯದಲ್ಲಿ ದೇಹದ ರಸಗಳು ಬದಲಾಗುವಾಗ ಮೀಸೆ ಮೂಡುತ್ತದೆ, ಧ್ವನಿ ಒಡೆಯುತ್ತದೆ, ಮುಖದಲ್ಲಿ ಮೊಡವೆ ಬರುತ್ತದೆ. ಅದೇ ಕಾಲದಲ್ಲಿ ಗುಪ್ತಾಂಗದ ಚರ್ಮದಲ್ಲಿಯೂ ಬದಲಾವಣೆಗಳು ಆಗುತ್ತವೆ. ಮೀಸೆಯನ್ನು ಎಲ್ಲರೂ ಕಾಣುತ್ತಾರೆ, ಅದರ ಬಗೆಗೆ ಮಾತನಾಡುತ್ತಾರೆ. ಇನ್ನೊಂದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಅದು ತನಗೊಬ್ಬನಿಗೇ ಬಂದುದೆಂದು ಹುಡುಗನು ತಿಳಿಯುತ್ತಾನೆ.

ಮಣಿಯ ಅಂಚಿನ ಮುತ್ತುಸಾಲು

ತರುಣರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಮಣಿಯ ಅಂಚಿನ ಮೇಲೆ ಸಾಲಾಗಿ ಮೂಡುವ ಸಣ್ಣ ಉಬ್ಬುಗಳು. ವೈದ್ಯರು ಇವನ್ನು ‘ಪರ್ಲಿ ಪೆನೈಲ್ ಪ್ಯಾಪ್ಯೂಲ್ಸ್’ ಎಂದು ಕರೆಯುತ್ತಾರೆ. ಮುತ್ತಿನಂಥ ಗುಳ್ಳೆಗಳು ಎಂಬುದು ಅದರ ಅರ್ಥ. ಒಂದೊಂದೂ 1ರಿಂದ 2 ಮಿಲಿಮೀಟರ್ ಗಾತ್ರ. ಬಣ್ಣ ಬಿಳಿ, ನಸುಗೆಂಪು ಅಥವಾ ಚರ್ಮದ್ದೇ ಬಣ್ಣ. ಒಂದೇ ಅಳತೆಯ ಮಣಿಗಳನ್ನು ದಾರಕ್ಕೆ ಪೋಣಿಸಿದಂತೆ ಅಂಚಿನ ಸುತ್ತ ಒಂದು ಸಾಲಾಗಿ, ಕೆಲವರಲ್ಲಿ ಎರಡು ಮೂರು ಸಾಲುಗಳಾಗಿ ಇರುತ್ತವೆ. ನೋವಿಲ್ಲ, ತುರಿಕೆಯಿಲ್ಲ, ಒಳಗೆ ನೀರಾಗಲಿ ಕೀವಾಗಲಿ ಇಲ್ಲ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವುಗಳಲ್ಲಿ ಕಾಣುವುದು ಸಣ್ಣ ರಕ್ತನಾಳಗಳು ಮತ್ತು ನಾರಿನಂಥ ಅಂಗಾಂಶ, ಅಷ್ಟೇ. ಯಾವ ವೈರಾಣುವೂ ಇವಕ್ಕೆ ಕಾರಣವಲ್ಲ, ಯಾವ ಬ್ಯಾಕ್ಟೀರಿಯವೂ ಅಲ್ಲ. ಹದಿಹರೆಯ ಕಳೆದ ಮೇಲೆ ಇವು ಕಾಣಿಸಿಕೊಳ್ಳುತ್ತವೆ. ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಸ್ಪಷ್ಟವಾಗಿದ್ದು, ವಯಸ್ಸಾದಂತೆ ಮಾಸುತ್ತ ಹೋಗುತ್ತವೆ. ಮುಂದೊಗಲನ್ನು ತೆಗೆಸಿದವರಿಗಿಂತ ಅದನ್ನು ಉಳಿಸಿಕೊಂಡವರಲ್ಲಿ ಹೆಚ್ಚಾಗಿ ಕಾಣುತ್ತವೆ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಇವುಗಳ ಪ್ರಮಾಣ ನೂರಕ್ಕೆ 14ರಿಂದ 48ರವರೆಗೂ ಕಂಡುಬಂದಿದೆ. ಎಂದರೆ ಒಂದು ಕಾಲೇಜಿನ ತರಗತಿಯಲ್ಲಿ ನಲವತ್ತು ತರುಣರು ಕುಳಿತಿದ್ದರೆ ಅವರಲ್ಲಿ ಹಲವರಿಗೆ ಈ ಮುತ್ತುಸಾಲು ಇರುತ್ತದೆ. ಪ್ರತಿಯೊಬ್ಬನೂ ಅದು ತನಗೊಬ್ಬನಿಗೇ ಇದೆಯೆಂದುಕೊಂಡು ಕುಳಿತಿರುತ್ತಾನೆ. ಯುರೋಪಿನ ಅಂಗರಚನಾ ಪಂಡಿತರು ಸುಮಾರು 300 ವರ್ಷಗಳ ಹಿಂದೆಯೇ ಇವನ್ನು ಗುರುತಿಸಿ ಬರೆದಿದ್ದರು. ಇದು ಈ ಕಾಲದ ಆಹಾರದಿಂದಲೋ, ಮೊಬೈಲ್ ಫೋನಿನಿಂದಲೋ ಹುಟ್ಟಿದ ಹೊಸ ತೊಂದರೆಯಲ್ಲವೆಂಬುದಕ್ಕೆ ಇಷ್ಟೇ ಸಾಕು.

ಇವು ಹಸ್ತಮೈಥುನದಿಂದ ಬಂದವಲ್ಲ, ಕೊಳೆಯಿಂದ ಬಂದವಲ್ಲ, ಯಾರ ಸಂಪರ್ಕದಿಂದಲೂ ಬಂದವಲ್ಲ. ಹೆಂಡತಿಗೆ ಅಂಟುವುದಿಲ್ಲ, ಹುಟ್ಟುವ ಮಗುವಿಗೆ ತೊಂದರೆಯಿಲ್ಲ, ಸಂತಾನಶಕ್ತಿಗಾಗಲಿ ದಾಂಪತ್ಯಸುಖಕ್ಕಾಗಲಿ ಕುಂದಿಲ್ಲ. ಮುಂದೆ ಕ್ಯಾನ್ಸರ್ ಆಗಿಯೂ ತಿರುಗುವುದಿಲ್ಲ. ಆದಕಾರಣ ಇವಕ್ಕೆ ಚಿಕಿತ್ಸೆಯ ಅಗತ್ಯವೇ ಇಲ್ಲ. ಲೇಸರ್ ಮೂಲಕ ತೆಗೆಯುವ ವಿಧಾನವೇನೋ ಇದೆ. ಆದರೆ ರೋಗವಲ್ಲದ್ದನ್ನು ಸುಟ್ಟು ತೆಗೆಸಿ ನೋವನ್ನೂ ಕಲೆಯನ್ನೂ ಖರ್ಚನ್ನೂ ತಂದುಕೊಳ್ಳುವುದೇಕೆ? ಸ್ತ್ರೀಯರಲ್ಲಿಯೂ ಯೋನಿದ್ವಾರದ ಒಳಬದಿಯಲ್ಲಿ ಇದೇ ಬಗೆಯ ಮೃದುವಾದ ಸಹಜ ಉಬ್ಬುಗಳು ಇರುವುದುಂಟು, ಅವೂ ನಿರುಪದ್ರವಿಗಳೇ.

ಮೇದೋಗ್ರಂಥಿಯ ಚುಕ್ಕೆಗಳು

ಎರಡನೆಯವು ಫೋರ್ಡೈಸ್ ಚುಕ್ಕೆಗಳು. ಅಮೆರಿಕದ ಚರ್ಮವೈದ್ಯ ಜಾನ್ ಅಡಿಸನ್ ಫೋರ್ಡೈಸ್ 1896ರಲ್ಲಿ ಇವನ್ನು ವಿವರಿಸಿದ್ದರಿಂದ ಅವರ ಹೆಸರು ನಿಂತಿತು. ಸಾಮಾನ್ಯವಾಗಿ ಮೇದೋಗ್ರಂಥಿಯು ಕೂದಲಿನ ಬುಡಕ್ಕೆ ಅಂಟಿಕೊಂಡಿರುತ್ತದೆ. ಕೆಲವು ಕಡೆ ಕೂದಲಿಲ್ಲದೆ ಗ್ರಂಥಿಯೊಂದೇ ಇರುತ್ತದೆ. ಅದೇ ಚರ್ಮದ ಅಡಿಯಲ್ಲಿ ನಸುಹಳದಿ ಅಥವಾ ಬಿಳಿಯ ಚುಕ್ಕೆಯಾಗಿ ತೋರುತ್ತದೆ. ರವೆಯ ಕಾಳುಗಳನ್ನು ಚರ್ಮದೊಳಗೆ ಹುದುಗಿಸಿದಂತೆ ಶಿಶ್ನದ ದಂಡದ ಮೇಲೆ ಹರಡಿರುತ್ತವೆ. ಚರ್ಮವನ್ನು ಎಳೆದಾಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಇವು ರೋಗವಲ್ಲವೆಂಬುದನ್ನು ಮನಗಾಣಲು ಒಂದು ಸುಲಭ ಮಾರ್ಗವಿದೆ. ಕನ್ನಡಿಯ ಮುಂದೆ ನಿಂತು ಮೇಲ್ದುಟಿಯನ್ನು ಸ್ವಲ್ಪ ಎಳೆದು ನೋಡಿದರೆ, ತುಟಿಯ ಅಂಚಿನಲ್ಲಿ ಇದೇ ಹಳದಿ ಚುಕ್ಕೆಗಳು ಬಹಳ ಮಂದಿಗೆ ಕಾಣುತ್ತವೆ. ತುಟಿಯ ಮೇಲಿನ ಚುಕ್ಕೆಗಾಗಿ ಯಾರೂ ನಿದ್ದೆಗೆಡುವುದಿಲ್ಲ. ಅದೇ ಗ್ರಂಥಿ ಬೇರೆಡೆಯಲ್ಲಿದ್ದ ಮಾತ್ರಕ್ಕೆ ನಿದ್ದೆಗೆಡುವುದು ಯಾವ ನ್ಯಾಯ? ಇವನ್ನು ಮೊಡವೆಯಂತೆ ಉಗುರಿನಿಂದ ಹಿಸುಕಬಾರದು. ಹಿಸುಕಿದರೆ ಗ್ರಂಥಿ ಹೋಗುವುದಿಲ್ಲ, ಗಾಯವಾಗಿ ಕೀವು ತುಂಬುತ್ತದೆ.

ಮಣಿಯ ಕೆಳಬದಿಯ ಪಟ್ಟಿಯ ಎರಡೂ ಪಕ್ಕದಲ್ಲಿ ಒಂದೊಂದು ಅಥವಾ ಎರಡೆರಡು ಸಣ್ಣ ಉಬ್ಬುಗಳು ಕೆಲವರಿಗೆ ಇರುತ್ತವೆ. ಹದಿನೇಳನೆಯ ಶತಮಾನದ ಆಂಗ್ಲ ಅಂಗರಚನಾ ಪಂಡಿತ ಎಡ್ವರ್ಡ್ ಟೈಸನ್ ಅವರ ಹೆಸರಿನಲ್ಲಿ ಇವು ಟೈಸನ್ ಗ್ರಂಥಿಗಳೆಂದು ಪ್ರಸಿದ್ಧವಾಗಿವೆ. ಎಡಕ್ಕೂ ಬಲಕ್ಕೂ ಸಮನಾಗಿರುವುದೇ ಇವುಗಳ ಲಕ್ಷಣ. ಅನೇಕರು ಇವನ್ನೂ ನರಹುಲಿಯೆಂದು ಭ್ರಮಿಸುತ್ತಾರೆ. ಇನ್ನು ಶಿಶ್ನದ ಬುಡದಲ್ಲಿಯೂ ವೃಷಣಚೀಲದ ಮೇಲೂ ಕೋಳಿಯ ಚರ್ಮದಂತೆ ಕಾಣುವ ಉಬ್ಬುಗಳು ಕೇವಲ ರೋಮಕೂಪಗಳು. ಒಂದೊಂದರ ನಡುವೆಯೂ ಒಂದು ಕೂದಲು ಇರುವುದನ್ನು ಗಮನಿಸಿದರೆ ಸಂದೇಹ ತೀರುತ್ತದೆ.

ವೃಷಣಚೀಲದ ಮೇಲಿನ ಗುರುತುಗಳು

ನಡುವಯಸ್ಸು ದಾಟಿದವರ ವೃಷಣಚೀಲದ ಮೇಲೆ ಕಡುಗೆಂಪು, ನೇರಳೆ ಅಥವಾ ಕಪ್ಪು ಬಣ್ಣದ, ಸಾಸಿವೆಯಿಂದ ಮೆಣಸಿನ ಕಾಳಿನಷ್ಟು ದೊಡ್ಡ ಚುಕ್ಕೆಗಳು ಮೂಡುವುದುಂಟು. ಇವು ಹಿಗ್ಗಿದ ಸೂಕ್ಷ್ಮ ರಕ್ತನಾಳಗಳು. ಮೇಲಿನ ಚರ್ಮ ತುಸು ಒರಟಾಗಿರುತ್ತದೆ. ಆಂಜಿಯೋಕೆರಟೋಮ ಎಂಬುದು ಇವುಗಳ ಶಾಸ್ತ್ರೀಯ ಹೆಸರು. ಇವನ್ನು ಕೂಡ ಫೋರ್ಡೈಸ್ ಅವರೇ ವಿವರಿಸಿದರು. ಉಗುರು ತಾಗಿದರೆ ಅಥವಾ ಕ್ಷೌರದ ಕತ್ತಿ ಸೋಕಿದರೆ ರಕ್ತ ಬರುವುದುಂಟು. ಒಗೆಯಲು ಹಾಕಿದ ಬಟ್ಟೆಯಲ್ಲಿ ರಕ್ತದ ಕಲೆ ಕಂಡು ಮನೆಯವರು ಗಾಬರಿಯಾಗುತ್ತಾರೆ. ಸ್ವಚ್ಛವಾದ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದರೆ ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ. ಪದೇ ಪದೇ ಸೋರುತ್ತಿದ್ದರೆ ವೈದ್ಯರು ವಿದ್ಯುತ್ತಿನಿಂದಲೋ ಲೇಸರಿನಿಂದಲೋ ಅದನ್ನು ಮುಚ್ಚಬಲ್ಲರು. ಒಂದು ಎಚ್ಚರಿಕೆಯ ಮಾತು: ಬಾಲ್ಯ ಅಥವಾ ಹದಿಹರೆಯದಲ್ಲೇ ಇಂಥ ಚುಕ್ಕೆಗಳು ಹೊಕ್ಕುಳಿನಿಂದ ತೊಡೆಯವರೆಗೆ ಗುಂಪುಗುಂಪಾಗಿ ಹರಡಿ, ಜೊತೆಗೆ ಅಂಗೈ ಅಂಗಾಲುಗಳು ಉರಿಯುತ್ತಿದ್ದರೆ, ಮೂತ್ರಪಿಂಡ ಮತ್ತು ಹೃದಯಗಳಿಗೆ ತಾಗುವ ಒಂದು ವಿರಳ ಆನುವಂಶಿಕ ರೋಗದ ಸೂಚನೆ ಅದಾಗಿರಬಹುದು. ಅಂಥವರು ತಡಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಬೇಕು.

ವೃಷಣಚೀಲದ ಚರ್ಮದಲ್ಲಿ ಬಟಾಣಿಯಷ್ಟು ದೊಡ್ಡ, ಗಟ್ಟಿಯಾದ, ನಸುಹಳದಿ ಗಂಟುಗಳು ಒಂದೆರಡಾಗಲಿ ಹಲವಾಗಲಿ ಇರುವುದೂ ಉಂಟು. ಚರ್ಮದೊಳಗಿನ ಚೀಲದಲ್ಲಿ ಉದುರಿದ ಕಣಗಳು ಕೂಡಿಕೊಂಡು ಆದ ಗಂಟುಗಳಿವು. ನೋವಿಲ್ಲದಿದ್ದರೆ ಬಿಟ್ಟುಬಿಡಬಹುದು, ಕೆಂಪಾಗಿ ಊದಿದರೆ ಮಾತ್ರ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕು. ಆದರೆ ಚರ್ಮದಲ್ಲಿರುವ ಗಂಟೇ ಬೇರೆ, ಒಳಗಿನ ವೃಷಣದಲ್ಲಿ ಆಗುವ ಗಂಟೇ ಬೇರೆ. ವೃಷಣವೇ ಗಟ್ಟಿಯಾಗಿದ್ದರೆ, ನೋವಿಲ್ಲದೆ ದೊಡ್ಡದಾಗುತ್ತಿದ್ದರೆ ಅದನ್ನು ನಿರ್ಲಕ್ಷಿಸುವಂತಿಲ್ಲ. ವೃಷಣದ ಕ್ಯಾನ್ಸರ್ ತರುಣರಿಗೇ ಹೆಚ್ಚಾಗಿ ಬರುವಂಥದು; ಬೇಗ ಕಂಡುಹಿಡಿದರೆ ಗುಣವಾಗುವಂಥದು.

ಚಿಕ್ಕ ಮಕ್ಕಳ ತಾಯಂದಿರಿಗೂ ಒಂದು ಮಾತು. ಗಂಡುಮಗುವಿನ ಮುಂದೊಗಲಿನ ಅಡಿಯಲ್ಲಿ ಬಿಳಿಯ ಮುತ್ತಿನಂಥ ಸಣ್ಣ ಉಂಡೆ ಕಂಡರೆ ಅದು ಕೀವಲ್ಲ, ಉದುರಿದ ಚರ್ಮದ ಕಣಗಳು ಒಂದೆಡೆ ಸೇರಿರುವುದು. ಮಗು ಬೆಳೆದಂತೆ ಮುಂದೊಗಲು ತಾನಾಗಿ ಬಿಡಿಸಿಕೊಳ್ಳುತ್ತದೆ, ಉಂಡೆಯೂ ಹೊರಬೀಳುತ್ತದೆ. ಎಣ್ಣೆ ಹಚ್ಚಿ ಬಲವಂತದಿಂದ ಚರ್ಮವನ್ನು ಹಿಂದಕ್ಕೆ ಎಳೆಯಬಾರದು. ಎಳೆದರೆ ಹರಿದು ಗಾಯವಾಗಿ, ಮುಂದೆ ಚರ್ಮ ನಿಜವಾಗಿಯೂ ಬಿಗಿದುಕೊಳ್ಳುತ್ತದೆ.

ವೈದ್ಯರಿಗೆ ತೋರಿಸಲೇಬೇಕಾದವು

ನಿರುಪದ್ರವಿ ಗುಳ್ಳೆಗಳ ಗುಣವನ್ನು ಒಟ್ಟಾಗಿ ಹೇಳುವುದಾದರೆ ಮೂರು ಮಾತುಗಳು: ಕ್ರಮ, ಸಮತೆ, ಸ್ಥಿರತೆ. ಅವು ಸಾಲಾಗಿ ಅಥವಾ ಒಂದು ವ್ಯವಸ್ಥೆಯಲ್ಲಿ ಇರುತ್ತವೆ. ಒಂದೇ ಗಾತ್ರದಲ್ಲಿ ಇರುತ್ತವೆ. ತಿಂಗಳುಗಳು ಕಳೆದರೂ ಹಾಗೆಯೇ ಇರುತ್ತವೆ. ಹೊಸದಾಗಿ ಹುಟ್ಟಿದ್ದು, ಬೆಳೆಯುತ್ತಿರುವುದು, ಅಸ್ತವ್ಯಸ್ತವಾಗಿ ಹರಡಿರುವುದು, ಹುಣ್ಣಾಗಿರುವುದು, ನೋವು ಅಥವಾ ತುರಿಕೆ ಕೊಡುವುದು ಇವುಗಳ ಪಂಗಡಕ್ಕೆ ಸೇರುವುದಿಲ್ಲ.

ನರಹುಲಿಯು ಹ್ಯೂಮನ್ ಪ್ಯಾಪಿಲೋಮ ಎಂಬ ವೈರಾಣುವಿನಿಂದ ಬರುತ್ತದೆ. ಜನನಾಂಗದ ನರಹುಲಿಗೆ ಹೆಚ್ಚಾಗಿ ಕಾರಣವಾಗುವವು ಅದರ 6 ಮತ್ತು 11ನೆಯ ಬಗೆಗಳು. ದೈಹಿಕ ಸಂಪರ್ಕವಾಗಿ ಕೆಲವು ವಾರಗಳಿಂದ ಹಲವು ತಿಂಗಳುಗಳ ಅನಂತರ ಕಾಣಿಸಿಕೊಳ್ಳುತ್ತದೆ. ಒಂದು ಚಿಕ್ಕದು, ಇನ್ನೊಂದು ದೊಡ್ಡದು, ಮೇಲ್ಮೈ ಒರಟು, ಬೆಳೆದರೆ ಹೂಕೋಸಿನ ಆಕಾರ. ಮಣಿಯ ಅಂಚಿನ ಮುತ್ತುಸಾಲಿಗೂ ಇದಕ್ಕೂ ಇರುವ ಅಂತರ ಇದೇ. ಇದಕ್ಕೆ ವೈದ್ಯರು ಹಚ್ಚುವ ಔಷಧವಿದೆ, ಅತಿಶೀತಲ ದ್ರವಸಾರಜನಕದ ಚಿಕಿತ್ಸೆಯಿದೆ. ಈ ಬಗೆಗಳ ವಿರುದ್ಧ ರಕ್ಷಣೆ ಕೊಡುವ ಲಸಿಕೆಗಳೂ ಇವೆ.

ನಡುವೆ ಹೊಕ್ಕುಳಿನಂತೆ ಕುಳಿಯಿರುವ, ಹೊಳೆಯುವ ಗುಳ್ಳೆಗಳು ಮೊಲಸ್ಕಮ್ ಎಂಬ ವೈರಾಣುರೋಗದವು. ಮಕ್ಕಳ ಮುಖ, ಕೈಗಳ ಮೇಲೂ ಇವು ಬರುತ್ತವೆ. ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸುವುದರಿಂದಲೂ ಹರಡುತ್ತವೆ. ಗುಪ್ತಾಂಗದಲ್ಲಿ ಗಂಟುಗಳೆದ್ದು, ರಾತ್ರಿ ಹಾಸಿಗೆಗೆ ಹೋದಾಗ ತುರಿಕೆ ಹೆಚ್ಚಾಗಿ, ಬೆರಳುಗಳ ಸಂದು, ಮಣಿಕಟ್ಟು, ಹೊಕ್ಕುಳಿನ ಸುತ್ತಲೂ ತುರಿಕೆ ಇದ್ದರೆ ಅದು ಕಜ್ಜಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಕೀಟವೊಂದು ಚರ್ಮವನ್ನು ಕೊರೆಯುವುದರಿಂದ ಇದು ಬರುತ್ತದೆ. ಹಾಸ್ಟೆಲುಗಳಲ್ಲಿಯೂ ತುಂಬಿದ ಮನೆಗಳಲ್ಲಿಯೂ ಬೇಗ ಹರಡುತ್ತದೆ. ತುರಿಕೆ ಇದ್ದವರು, ಇಲ್ಲದವರು ಎನ್ನದೆ ಮನೆಯವರೆಲ್ಲರೂ ಒಂದೇ ದಿನ ಔಷಧಿ ಹಚ್ಚಿಕೊಂಡು, ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದರೆ ಮಾತ್ರ ಕಜ್ಜಿ ತೊಲಗುತ್ತದೆ.

ನೋವಿಲ್ಲದ, ಗಟ್ಟಿಯಾದ ತಳವಿರುವ ಒಂಟಿ ಹುಣ್ಣನ್ನು ವಿಶೇಷವಾಗಿ ಸಂದೇಹಿಸಬೇಕು. ಅದು ಸಿಫಿಲಿಸ್ ಆಗಿರಬಹುದು. ಸಂಪರ್ಕವಾದ ಸುಮಾರು ಮೂರು ವಾರಗಳಿಗೆ ಹುಣ್ಣು ಕಾಣಿಸಿಕೊಂಡು, ಚಿಕಿತ್ಸೆ ಇಲ್ಲದಿದ್ದರೂ ಕೆಲವು ವಾರಗಳಲ್ಲಿ ಮಾಯುತ್ತದೆ. ಮಾಯಿತೆಂದು ಸಮಾಧಾನಪಟ್ಟುಕೊಂಡರೆ ಅದೇ ದೊಡ್ಡ ಅಪಾಯ. ರೋಗವು ರಕ್ತದಲ್ಲಿ ಉಳಿದು, ವರ್ಷಗಳ ಮೇಲೆ ಹೃದಯ, ಮಿದುಳುಗಳನ್ನು ಕೆಡಿಸುತ್ತದೆ, ಗರ್ಭಿಣಿಯಿಂದ ಶಿಶುವಿಗೂ ಹಾಯುತ್ತದೆ. ಪ್ರಾರಂಭದಲ್ಲಿ ರಕ್ತಪರೀಕ್ಷೆ ಮಾಡಿಸಿ ವೈದ್ಯರು ಸೂಚಿಸಿದ ಪೆನ್ಸಿಲಿನ್ ಚುಚ್ಚುಮದ್ದನ್ನು ಪಡೆದರೆ ಪೂರ್ತಿ ಗುಣವಾಗುತ್ತದೆ. ಗುಂಪಾಗಿ ಎದ್ದ ನೀರುಗುಳ್ಳೆಗಳು ಉರಿದು ಒಡೆದು ಹುಣ್ಣಾಗಿ, ಮಾಯ್ದು ಮತ್ತೆ ಮತ್ತೆ ಬರುತ್ತಿದ್ದರೆ ಅದು ಹರ್ಪಿಸ್ ಇರಬಹುದು.

ಮಧುಮೇಹವೂ ಗುಪ್ತಾಂಗದಲ್ಲಿ ಮೊದಲು ತೋರಿಕೊಳ್ಳುವುದುಂಟು. ಮಣಿಯ ಮೇಲೆ ಕೆಂಪು, ಮೊಸರಿನ ಕೆನೆಯಂಥ ಬಿಳುಪು, ಮುಂದೊಗಲಿನ ತುದಿಯಲ್ಲಿ ಸೀಳು, ಮೂತ್ರ ತಾಗಿದರೆ ಉರಿ ಇದ್ದರೆ ಮುಲಾಮು ಹಚ್ಚುವುದರ ಜೊತೆಗೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು. ವಯಸ್ಸಾದವರಲ್ಲಿ ಮುಂದೊಗಲು ಹಿಂದೆ ಸರಿಯದೆ ಬಿಗಿದುಕೊಂಡು, ಒಳಗೆ ಗಂಟು, ದುರ್ವಾಸನೆಯ ಸೋರಿಕೆ ಅಥವಾ ಮಾಯದ ಹುಣ್ಣು ಇದ್ದರೆ ಅದು ಕ್ಯಾನ್ಸರಿನ ಸೂಚನೆಯಾಗಿರಬಹುದು. ಬೇಗ ತೋರಿಸಿದರೆ ಅವಯವವನ್ನು ಉಳಿಸಬಹುದು. ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟರೆ ಅವಯವದ ಜೊತೆಗೆ ಪ್ರಾಣಕ್ಕೂ ಸಂಚಕಾರ.

ಸ್ವಯಂಚಿಕಿತ್ಸೆಯ ಅನರ್ಥ

ನಿರುಪದ್ರವಿ ಗುಳ್ಳೆಯಿಂದ ಯಾರಿಗೂ ಹಾನಿಯಾಗಿಲ್ಲ. ಹಾನಿಯಾಗುವುದು ಅದಕ್ಕೆ ಮಾಡಿಕೊಳ್ಳುವ ಚಿಕಿತ್ಸೆಯಿಂದ. ಕೈಯ ಮೇಲಿನ ನರಹುಲಿಗೆ ಸುಣ್ಣ, ಸೋಡಾ ಕಲಸಿ ಹಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವವರಿದ್ದಾರೆ, ಕೂದಲಿನಿಂದ ಬಿಗಿದು ಕಟ್ಟುವವರಿದ್ದಾರೆ. ಇವನ್ನೇ ಗುಟ್ಟಾಗಿ ಗುಪ್ತಾಂಗಕ್ಕೆ ಪ್ರಯೋಗಿಸಿದರೆ ಆ ತೆಳು ಚರ್ಮ ಸುಟ್ಟು, ಆಳವಾದ ಹುಣ್ಣಾಗಿ, ಕೊನೆಗೆ ಮುಂದೊಗಲು ಅಂಟಿಕೊಳ್ಳುತ್ತದೆ. ಇಲ್ಲದ ರೋಗಕ್ಕೆ ಮದ್ದು ಮಾಡಿ ಇರುವ ಆರೋಗ್ಯವನ್ನು ಕೆಡಿಸಿಕೊಂಡಂತಾಯಿತು.

ಈ ಎಚ್ಚರ ಹೊಸದೇನೂ ಅಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹದಿನಾಲ್ಕನೆಯ ಅಧ್ಯಾಯವು ಶೂಕದೋಷಗಳನ್ನು ಕುರಿತದ್ದು. ಶಿಶ್ನವನ್ನು ದೊಡ್ಡದು ಮಾಡಿಕೊಳ್ಳುವ ಆಸೆಯಿಂದ ಕ್ರಮವರಿಯದೆ ಶೂಕವೆಂಬ ತೀಕ್ಷ್ಣ ಲೇಪವನ್ನು ಹಚ್ಚಿಕೊಂಡವರಿಗೆ ಬರುವ 18 ವ್ಯಾಧಿಗಳನ್ನು ಅಲ್ಲಿ ಎಣಿಸಿದ್ದಾರೆ. ಸಾಸಿವೆಯಂಥ ಗುಳ್ಳೆಗಳಿಂದ ಹಿಡಿದು ಮಾಂಸ ಕೊಳೆಯುವವರೆಗೆ ಆ ಪಟ್ಟಿ ಸಾಗುತ್ತದೆ. ಗುಟ್ಟಾಗಿ ಕಂಡದ್ದನ್ನು ಹಚ್ಚಿಕೊಳ್ಳುವ ಮನುಷ್ಯನ ಚಾಳಿ ಅಷ್ಟು ಹಳೆಯದು. ಅದರಿಂದ ಬರುವ ಕೇಡನ್ನು ಕುರಿತ ವೈದ್ಯರ ಎಚ್ಚರಿಕೆಯೂ ಅಷ್ಟೇ ಹಳೆಯದು.

ಈ ಕಾಲದ ಶೂಕವೆಂದರೆ ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಕೈಗೆ ಬರುವ ಮಿಶ್ರಣದ ಮುಲಾಮು. ಇದರಲ್ಲಿ ಶಿಲೀಂಧ್ರನಾಶಕದ ಜೊತೆಗೆ ಪ್ರಬಲವಾದ ಸ್ಟಿರಾಯ್ಡ್ ಸೇರಿರುತ್ತದೆ. ಹಚ್ಚಿದ ಮೊದಲ ವಾರ ತುರಿಕೆ, ಕೆಂಪು ಅಡಗುತ್ತವೆ. ತರುವಾಯ ದುಪ್ಪಟ್ಟಾಗಿ ಮರಳುತ್ತವೆ. ವೃಷಣಚೀಲದ ಚರ್ಮವು ಇಂಥ ಔಷಧವನ್ನು ಮುಂಗೈಯ ಚರ್ಮಕ್ಕಿಂತ ಸುಮಾರು 40 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆಂದು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಬೇರೆಡೆ ಹಚ್ಚಿದರೆ ಆಗದ ಹಾನಿ ಇಲ್ಲಿ ಬೇಗನೆ ಆಗುತ್ತದೆ. ಚರ್ಮ ಕಾಗದದಂತೆ ತೆಳುವಾಗುತ್ತದೆ, ಕೆಂಪಾಗಿ ಸದಾ ಉರಿಯುತ್ತದೆ. ವೈದ್ಯರ ಚೀಟಿಯಿಲ್ಲದೆ ಇಂಥ ಮುಲಾಮನ್ನು ಈ ಭಾಗಕ್ಕೆ ಹಚ್ಚಲೇಬಾರದು.

ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗಕ್ಕೆ ಶರ್ತಿಯ ಚಿಕಿತ್ಸೆ’ ಎಂಬ ಬರಹವನ್ನು ಕಾಣದವರಿಲ್ಲ. 1954ರ ಔಷಧಿಗಳು ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆಯು ಲೈಂಗಿಕ ರೋಗಗಳನ್ನು ಗುಣಪಡಿಸುತ್ತೇವೆಂದೂ ಪುರುಷಶಕ್ತಿಯನ್ನು ಹೆಚ್ಚಿಸುತ್ತೇವೆಂದೂ ಸಾರುವ ಜಾಹೀರಾತುಗಳನ್ನು ನಿಷೇಧಿಸಿದೆ. ಆದರೂ ಗೋಡೆಗಳು ಖಾಲಿಯಾಗಿಲ್ಲ. ಇಂಥವರ ಬಳಿಗೆ ಹೋದ ತರುಣನಿಗೆ ನಿನಗೆ ರೋಗವಿಲ್ಲ ಎಂಬ ಮಾತು ಎಂದಿಗೂ ಸಿಗದು. ಮುತ್ತುಸಾಲನ್ನು ತೋರಿಸಿ ಇದು ಧಾತು ಕೆಟ್ಟದ್ದರ ಫಲವೆಂದು ಹೆದರಿಸಿ, ಸಾವಿರಗಟ್ಟಲೆ ರೂಪಾಯಿಯ ಭಸ್ಮ, ಲೇಹ್ಯಗಳನ್ನು ಕಟ್ಟಿಕೊಡುತ್ತಾರೆ. ಧಾತು ನಷ್ಟದ ಈ ಭಯವೇ ನಮ್ಮ ದೇಶದ ತರುಣರನ್ನು ಎಷ್ಟು ಬಾಧಿಸುತ್ತದೆಂದರೆ, ಮನೋವೈದ್ಯ ನರೇಂದ್ರನಾಥ ವಿಗ್ ಅವರು 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಟ್ಟರು. ಆಯಾಸ, ನಿದ್ರಾಹೀನತೆ, ಎದೆಬಡಿತ ಎಲ್ಲವೂ ನಿಜ. ಅವುಗಳ ಮೂಲ ಮಾತ್ರ ಧಾತುವಿನಲ್ಲಿಲ್ಲ, ಚಿಂತೆಯಲ್ಲಿದೆ.

ಎಲ್ಲಿಗೆ ಹೋಗಬೇಕು, ಏನು ಮಾಡಬೇಕು

ನಮ್ಮ ದೇಶದಲ್ಲಿ ಚರ್ಮರೋಗ ಮತ್ತು ಗುಹ್ಯರೋಗಗಳನ್ನು ಒಬ್ಬರೇ ತಜ್ಞರು ಅಭ್ಯಾಸ ಮಾಡಿರುತ್ತಾರೆ. ಆದುದರಿಂದ ಚರ್ಮವೈದ್ಯರ ಬಳಿಗೆ ಹೋಗಿ ಕುಳಿತವನನ್ನು ಕಂಡು ಯಾರೂ ಏನನ್ನೂ ಊಹಿಸಲಾರರು. ಪಕ್ಕದಲ್ಲಿ ಕುಳಿತವನು ಮೊಡವೆಗೆ ಬಂದಿರುತ್ತಾನೆ, ಎದುರಿನವಳು ಕೂದಲು ಉದುರುವುದಕ್ಕೆ ಬಂದಿರುತ್ತಾಳೆ. ಮುತ್ತುಸಾಲನ್ನು ಗುರುತಿಸಲು ತಜ್ಞರಿಗೆ ಸಾಮಾನ್ಯವಾಗಿ ರಕ್ತಪರೀಕ್ಷೆಯೂ ಬೇಡ, ಸ್ಕ್ಯಾನಿಂಗೂ ಬೇಡ. ಕಣ್ಣಿನಿಂದ ಒಮ್ಮೆ ನೋಡಿದರೆ ಸಾಕು. ಸಂದೇಹವಿದ್ದರೆ ಭೂತಗನ್ನಡಿಯಂಥ ಒಂದು ಉಪಕರಣದಿಂದ ನೋಡುತ್ತಾರೆ. ವರ್ಷಗಳ ಚಿಂತೆ ಹೀಗೆ ಎರಡು ನಿಮಿಷಗಳಲ್ಲಿ ಮುಗಿಯುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಖಾಸಗಿ ವೈದ್ಯರ ಖರ್ಚನ್ನು ಭರಿಸಲಾರದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಇದೆ. ಅಲ್ಲಿ ಲೈಂಗಿಕ ಸೋಂಕುಗಳ ಪರೀಕ್ಷೆ, ಔಷಧಿ, ಆಪ್ತಸಮಾಲೋಚನೆ ಉಚಿತವಾಗಿ ದೊರೆಯುತ್ತವೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹಾ ಕ್ಲಿನಿಕ್’ಗಳಿವೆ. ರೋಗಿಯ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಹಾಗೆಯೇ ವೈದ್ಯರು ಕೇಳಿದಾಗ ಸಂಪರ್ಕದ ವಿಷಯವನ್ನು ಮರೆಮಾಚದೆ ಹೇಳುವುದು ರೋಗಿಯ ಕರ್ತವ್ಯ. ಸೋಂಕು ಇದೆಯೆಂದು ತಿಳಿದರೆ ಗಂಡಹೆಂಡಿರು ಇಬ್ಬರೂ ಪರೀಕ್ಷೆಗೆ ಒಳಗಾಗಿ ಚಿಕಿತ್ಸೆ ಪಡೆಯಬೇಕು. ಒಬ್ಬರಿಗೆ ಮಾತ್ರ ಔಷಧಿ ಕೊಟ್ಟರೆ ರೋಗವು ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಪ್ರತಿದಿನದ ಆರೈಕೆ ಸರಳವಾದದ್ದು. ಸ್ನಾನ ಮಾಡುವಾಗ ಮುಂದೊಗಲನ್ನು ಮೃದುವಾಗಿ ಹಿಂದಕ್ಕೆ ಸರಿಸಿ ಬರಿ ನೀರಿನಿಂದ ತೊಳೆದು, ಒರೆಸಿ, ಮತ್ತೆ ಮುಂದಕ್ಕೆ ತರಬೇಕು. ಹಿಂದೆಯೇ ಬಿಟ್ಟರೆ ಅದು ಸಿಕ್ಕಿಕೊಂಡು ಊದುವುದುಂಟು. ಗಾಯ ತೊಳೆಯುವ ಘಾಟಿನ ದ್ರಾವಣಗಳನ್ನೂ ಸುಗಂಧದ ಸಾಬೂನುಗಳನ್ನೂ ಇಲ್ಲಿಗೆ ಹಾಕಬಾರದು. ಹತ್ತಿಯ ಒಳಉಡುಪನ್ನು ಧರಿಸಿ ದಿನವೂ ಬದಲಿಸಬೇಕು. ಒಬ್ಬರ ಟವೆಲನ್ನೂ ಕ್ಷೌರದ ಬ್ಲೇಡನ್ನೂ ಇನ್ನೊಬ್ಬರು ಬಳಸಬಾರದು. ದಿನಕ್ಕೆ ಹತ್ತು ಬಾರಿ ಪರೀಕ್ಷಿಸಿ ನೋಡಿಕೊಳ್ಳುವುದು ಆರೈಕೆಯಲ್ಲ, ಅದು ಚಿಂತೆಗೆ ಮೇವು ಹಾಕಿದಂತೆ.

ಕೊನೆಯದಾಗಿ ಹಿರಿಯರಲ್ಲಿ ನಮ್ಮ ವಿನಂತಿ. ಮಗ ಮೀಸೆ ಬರುವ ವಯಸ್ಸಿಗೆ ಬಂದಾಗ ತಂದೆಯೋ, ಚಿಕ್ಕಪ್ಪನೋ, ಸೋದರಮಾವನೋ ಅವನನ್ನು ಹತ್ತಿರ ಕೂರಿಸಿಕೊಂಡು, ದೇಹದಲ್ಲಿ ಇಂಥಿಂಥ ಬದಲಾವಣೆಗಳಾಗುತ್ತವೆ, ಏನಾದರೂ ಸಂದೇಹ ಬಂದರೆ ನನಗೆ ಹೇಳು, ಇಬ್ಬರೂ ಕೂಡಿ ಡಾಕ್ಟರ ಬಳಿಗೆ ಹೋಗೋಣ ಎಂದು ಒಂದು ಮಾತು ಹೇಳಿಡಬೇಕು. ಬಾಯಲ್ಲಿ ಹೇಳಲು ಸಂಕೋಚವಾದರೆ ಈ ಪುಟವನ್ನು ಮಡಿಚಿ ಅವನ ಮೇಜಿನ ಮೇಲೆ ಇಟ್ಟರೂ ಸಾಕು. ಓದಬೇಕಾದವನು ಓದಿಕೊಳ್ಳುತ್ತಾನೆ.